ಪಟೇಲನ ಪಾಲಿನ ಗುಳಿಗೆ

ವಿದ್ಯಾರಣ್ಯಪುರ
14 ಆಗಸ್ಟ್ 2012

ವನಿತಾ,

ಕ್ಷೇಮ ಸಮಾಚಾರವನ್ನು ಆಮೇಲೆ ಕೇಳುತ್ತೇನೆ, ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳು. ನಾನು ನುಂಗುವ ಗುಳಿಗೆಯನ್ನೇ ಬೆಕ್ಕಿಗೂ ಬರೆದುಕೊಡುತ್ತಾರಾ?

ನಗಬೇಡ. ಪಕ್ಕದ ಮನೆ ದಿಲ್ಶಾದ್ ಒಂದು ಬೆಕ್ಕು ಸಾಕಿದ್ದಾಳೆ. ಕೆಂಚು ಬಣ್ಣದ ಗಂಡು. ಕಾಂಪೌಂಡಿನ ಮೇಲೆ ಅದು ನಡೆಯುವ ಗತ್ತು ನೋಡಿ ಪಟೇಲ ಎಂದು ಹೆಸರಿಟ್ಟಿದ್ದೇವೆ. ಪಾಪ, ಅದಕ್ಕೆ ಬಾಯೆಲ್ಲ ಹುಣ್ಣು. ಜೊಲ್ಲು ಸುರಿಸಿಕೊಂಡು ತಟ್ಟೆ ಮುಂದೆ ಕೂರುತ್ತದೆ, ಒಂದು ತುತ್ತು ಮುಟ್ಟಿದರೆ ಹಿಂದಕ್ಕೆ ಹಾರುತ್ತದೆ. ಹೆಬ್ಬಾಳದ ದನದಾಸ್ಪತ್ರೆಯಲ್ಲಿ ಹಲ್ಲು ಕಿತ್ತರು. ಆದರೂ ವಾಸಿಯಾಗಲಿಲ್ಲ. ಆಮೇಲೆ ಸೈಕ್ಲೋಸ್ಪೊರಿನ್ ಎಂದು ಬರೆದುಕೊಟ್ಟರು. ಚೀಟಿ ನೋಡಿ ನನಗೆ ತಲೆ ತಿರುಗಿತು. ನನ್ನ ಡಬ್ಬಿಯಲ್ಲಿರುವುದೂ ಅದೇ ತಾನೇ!

ನನಗೆ ಆಪರೇಷನ್ ಆದಾಗ ಡಾಕ್ಟರು ಒಂದು ಕಥೆ ಹೇಳಿದ್ದರು. ಮೈಯೊಳಗೆ ಕಾವಲುಗಾರರಿರುತ್ತಾರೆ, ನನ್ನಣ್ಣ, ಅಂದರೆ ನಿನ್ನಪ್ಪ, ಕೊಟ್ಟ ಕಿಡ್ನಿಯನ್ನು ಕಳ್ಳ ಎಂದುಕೊಂಡು ಹೊಡೆಯಲು ಬರುತ್ತಾರೆ, ಅವರಿಗೆ ನಿದ್ದೆ ಬರಿಸುವುದಕ್ಕೆ ಈ ಗುಳಿಗೆ ಎಂದು. ಸರಿ, ಒಪ್ಪಿದೆ. ಆದರೆ ಪಟೇಲನಿಗೆ ಯಾರೂ ಏನೂ ದಾನ ಕೊಟ್ಟಿಲ್ಲವಲ್ಲ? ಬಾಯಿ ಅವನದು, ಒಸಡು ಅವನದು. ಅವನ ಕಾವಲುಗಾರರು ಅವನ ಬಾಯನ್ನೇ ಯಾಕೆ ಹೊಡೆಯುತ್ತಾರೆ? ಒಬ್ಬರ ಮೈಯಲ್ಲಿ ಪರರದ್ದನ್ನು ಉಳಿಸುವ ಗುಳಿಗೆ ಇನ್ನೊಬ್ಬರ ಮೈಯಲ್ಲಿ ಸ್ವಂತದ್ದನ್ನು ಉಳಿಸುತ್ತದೆ ಎಂದರೆ ಏನು ಅರ್ಥ? ಯೋಚನೆ ಮಾಡಿ ಮಾಡಿ ಮೊನ್ನೆ ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಹಾಗೇ ಇನ್ನೊಂದು. ಮನುಷ್ಯರ ಗುಳಿಗೆಯನ್ನೇ ಬೆಕ್ಕಿಗೆ ಕೊಡುವುದಾದರೆ ಎಷ್ಟು ಕೊಡಬಹುದು? ಸುಮ್ಮನೆ ಕೇಳಿದೆ.

ಉತ್ತರವನ್ನು ದಿಲ್ಶಾದ್ ಮನೆ ವಿಳಾಸಕ್ಕೆ ಬರೆ. ಕಿವಿ ಹೋದಮೇಲೆ ಫೋನು ನನಗೆ ಒಂದು ಬಿಸಿ ಡಬ್ಬ ಅಷ್ಟೆ. ಮೆಸೇಜು ಮಾಡೋಣವೆಂದರೆ ಮೊಬೈಲು ಸದಾ ನಿಮ್ಮ ಮಾವನ ಜೇಬಿನಲ್ಲಿ. ಕಾಗದ ಮನೆಗೆ ಬಂದರೆ ಅದನ್ನೂ ಅವರೇ ಮೊದಲು ಒಡೆದು ಓದುತ್ತಾರೆ. ಬರೇಲಿಯಲ್ಲಿ ಅನ್ನ ಸಿಗುತ್ತದೋ, ಬರೀ ರೊಟ್ಟಿಯೋ?

ನಿನ್ನ ಅತ್ತೆ
ನಾಗಲಕ್ಷ್ಮಿ


ಬರೇಲಿ
27 ಆಗಸ್ಟ್ 2012

ಅತ್ತೆ,

ಸರಿಯಾದ ಅಂಗಡಿಗೇ ಬಂದಿದ್ದೀರಿ. ನಾನು ಇಲ್ಲಿ ಪಿಎಚ್.ಡಿ. ಮಾಡುತ್ತಿರುವುದೇ ಬೆಕ್ಕುಗಳ ಮೈಯಲ್ಲಿ ಈ ಔಷಧ ಏನಾಗುತ್ತದೆ ಎಂಬುದರ ಮೇಲೆ. ಅಪ್ಪ ಯಲಹಂಕದಲ್ಲಿ ಸಿಕ್ಕವರಿಗೆಲ್ಲ "ಮಗ್ಳು ಬೆಕ್ಕಿಗೆ ಮಾತ್ರೆ ನುಂಗ್ಸೋ ಓದು ಓದ್ತವ್ಳೆ" ಎಂದು ಹೇಳಿಕೊಂಡು ತಿರುಗುತ್ತಾರಂತೆ. ಇಷ್ಟು ವರ್ಷದಲ್ಲಿ ನನ್ನ ಓದಿನ ಬಗ್ಗೆ ಪ್ರಶ್ನೆ ಕೇಳಿದ ಮೊದಲ ನೆಂಟರು ನೀವೇ.

ನಿಮ್ಮ ಕಾವಲುಗಾರರ ಕಥೆ ಸರಿಯಾಗಿದೆ. ಕೆಲವು ಸಲ ಕಾವಲುಗಾರರಿಗೇ ತಲೆ ಕೆಡುತ್ತದೆ, ಮನೆಯವರನ್ನೇ ಹೊಡೆಯುತ್ತಾರೆ. ಪಟೇಲನಿಗೆ ಆಗಿರುವುದು ಅದು. ಗುಳಿಗೆಗೆ ನಮ್ಮದು, ಪರರದ್ದು ಎಂಬ ಭೇದ ಗೊತ್ತಿಲ್ಲ. ಕಾವಲುಗಾರರನ್ನು ಮಲಗಿಸುವುದಷ್ಟೇ ಅದರ ಕೆಲಸ.

ಆದರೆ ಬೆಕ್ಕು ಚಿಕ್ಕ ಮನುಷ್ಯ ಅಲ್ಲ. ನಮ್ಮ ಪಿತ್ತಜನಕಾಂಗ ಸಲೀಸಾಗಿ ಹೊರಗೆ ಹಾಕುವ ಎಷ್ಟೋ ಔಷಧಗಳನ್ನು ಬೆಕ್ಕಿನದು ಹಾಕಲಾರದು, ಅದಕ್ಕೆ ಬೇಕಾದ ಉಪಕರಣವೇ ಅದರ ಹತ್ತಿರ ಇಲ್ಲ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅರ್ಧ ಕೊಟ್ಟರೂ ಸತ್ತುಹೋಗುತ್ತದೆ. ಸೈಕ್ಲೋಸ್ಪೊರಿನ್ ಕಥೆ ಬೇರೆ. ಅದನ್ನು ಕರುಳಿನ ಗೋಡೆಯಲ್ಲೇ ಅರ್ಧ ಮುರಿದುಹಾಕುವ ಕೆಲಸಗಾರರಿದ್ದಾರೆ, ಅವರ ಕೈ ತಪ್ಪಿಸಿಕೊಂಡದ್ದು ಮಾತ್ರ ರಕ್ತಕ್ಕೆ ಸೇರುತ್ತದೆ. ಒಂದು ಬೆಕ್ಕಿನಲ್ಲಿ ಆ ಕೆಲಸಗಾರರು ಚುರುಕು, ಪಕ್ಕದ ಗೂಡಿನ ಬೆಕ್ಕಿನಲ್ಲಿ ಸೋಮಾರಿ. ಒಂದೇ ತಾಯಿಯ ಮರಿಗಳಿಗೆ ಒಂದೇ ಅಳತೆ ಕೊಟ್ಟು ರಕ್ತ ತೆಗೆದರೆ ಒಂದರಲ್ಲಿ ಇಷ್ಟೆತ್ತರ, ಒಂದರಲ್ಲಿ ನೆಲಕ್ಕೆ. ಯಾಕೆಂದು ಕೇಳಿದರೆ ನನ್ನ ಗೈಡು "ಅದನ್ನು ನೀನೇ ಹೇಳಬೇಕು" ಎನ್ನುತ್ತಾರೆ. ನನಗೂ ನಿಮ್ಮಷ್ಟೇ ಗೊಂದಲ ಅತ್ತೆ.

ಆ ಬೆಕ್ಕಿಗೆ ದಿಲ್ಶಾದ್ ಆಂಟಿ ಹಸಿ ಮಾಂಸ ಹಾಕದಿರಲಿ, ಇಲಿ ಹಿಡಿಯಲು ಬಿಡದಿರಲಿ. ಮಲಗಿರುವ ಕಾವಲುಗಾರರು ರೋಗ ಬಂದರೆ ಏಳುವುದಿಲ್ಲ. ನಿಮಗೂ ಇದೇ ಮಾತು. ಆ ಪಟೇಲನನ್ನು ದೂರದಿಂದ ನೋಡಿ, ಮುಟ್ಟಬೇಡಿ. ಅಳತೆ ಕೇಳಿದಿರಿ, ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ ಚಿಕ್ಕ ಗುಳಿಗೆ ಒಂದು. ಆದರೆ ಕೊಡುವವರು ಡಾಕ್ಟರ ಕಣ್ಣೆದುರು ಕೊಡಬೇಕು.

ಇಲ್ಲಿ ಅನ್ನ ಸಿಗುತ್ತದೆ, ಸಾರು ಸಿಗುವುದಿಲ್ಲ.

ವನಿತಾ


ವಿದ್ಯಾರಣ್ಯಪುರ
8 ಸೆಪ್ಟೆಂಬರ್ 2012

ವನಿತಾ,

ನೀನು ಬರೆದದ್ದನ್ನು ದಿಲ್ಶಾದಳಿಗೂ ಓದಿ ಹೇಳಿದೆ. ಅವಳು ನಕ್ಕಳು. ಯಾಕೆಂದರೆ ಪಟೇಲ ಅವಳ ಬೆಕ್ಕಲ್ಲ, ನನ್ನದು. ಅವಳ ಮನೆಗೆ ಅವನು ಹೋಗಿದ್ದು ರಂಜಾನ್ ತಿಂಗಳಲ್ಲಿ ಮಾತ್ರ, ಬಿರಿಯಾನಿ ಆಸೆಗೆ. ಮಾವನ ಮುಂದೆ ಅವಳ ಬೆಕ್ಕು, ಮಾವ ವಾಕಿಂಗ್ ಹೋದಾಗ ನನ್ನ ಬೆಕ್ಕು. ಮಹಡಿ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿಕೊಟ್ಟಿದ್ದೇನೆ.

ಇದನ್ನು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಪಟೇಲ ತಿನ್ನುತ್ತಿರುವುದು ನನ್ನ ಗುಳಿಗೆ.

ಬೆಳಿಗ್ಗೆ ನನಗೆ ಒಂದು ದೊಡ್ಡದು, ಒಂದು ಚಿಕ್ಕದು ಇದೆಯಲ್ಲ, ದೊಡ್ಡದನ್ನು ನಾನು ನುಂಗುತ್ತೇನೆ, ಚಿಕ್ಕದನ್ನು ಬೆಣ್ಣೆಯಲ್ಲಿ ಸುತ್ತಿ ಅವನ ಗಂಟಲಿಗೆ ತಳ್ಳುತ್ತೇನೆ. ಮೊದಲ ದಿನ ಸೋಪಿನ ನೊರೆ ಬಂದ ಹಾಗೆ ಉಗುಳಿದ. ಆ ಡಬ್ಬಿ ತೆಗೆದರೆ ಸಾರಾಯಿ ಅಂಗಡಿ ಬಾಗಿಲು ತೆಗೆದ ಹಾಗೆ ವಾಸನೆ, ಅವನದೇನು ತಪ್ಪು? ಈಗ ಅಭ್ಯಾಸವಾಗಿದೆ. ಬಾಯಿ ಒಣಗಿದೆ ಕಣೇ! ಮೊನ್ನೆ ಮುದ್ದೆ ತಿಂದ, ಬೆಕ್ಕು ಮುದ್ದೆ ತಿನ್ನುವುದನ್ನು ನೀನು ನೋಡಿದ್ದೀಯಾ?

ಬೇರೆ ಕೊಂಡು ತರಬಹುದಿತ್ತು ಎನ್ನುತ್ತೀಯ. ಮೆಡಿಕಲ್ ಸ್ಟೋರಿನವನು ಮಾವನ ದೋಸ್ತ್. ಕೇಳಿದ ದಿನವೇ ಸುದ್ದಿ ಮನೆಗೆ. ಬೆಕ್ಕು ನಾಯಿ ಹತ್ತಿರ ಸೇರಿಸಬೇಡಿ ಎಂದು ಆಸ್ಪತ್ರೆಯವರು ಹೇಳಿರುವುದು ಮಾವನಿಗೆ ಗಾಯತ್ರಿ ಮಂತ್ರದ ಹಾಗೆ ಬಾಯಿಪಾಠ. ಪಟೇಲ ಬೀದಿಪಾಲು.

ಎದುರಿಗೆ ಒಂದು ಜೀವ ಹಸಿದು ಕೂತಿರುವಾಗ ನಾನೊಬ್ಬಳೇ ಬಾಯಿಗೆ ಹಾಕಿಕೊಳ್ಳುವುದು ಹೇಗೆ? ನಮ್ಮವ್ವ ಸೊಣ್ಣಮ್ಮ ಹಂಗೆ ಸಾಕಲಿಲ್ಲ ನಮ್ಮನ್ನು. ಅದು ಅನ್ನವಾದರೂ ಅಷ್ಟೆ, ಗುಳಿಗೆಯಾದರೂ ಅಷ್ಟೆ.

ಹೋದ ವಾರ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. ಗುಳಿಗೆಯ ಮಟ್ಟ ಕಡಿಮೆ ಬಂತಂತೆ. ಡಾಕ್ಟರು "ಮಾತ್ರೆ ತಪ್ಪಿಸ್ತಾ ಇದೀರೇನಮ್ಮ?" ಎಂದರು. ಇಲ್ಲ ಎಂದೆ. ಸಂಜೆಗೂ ಒಂದು ಚಿಕ್ಕದು ಜಾಸ್ತಿ ಮಾಡಿದರು. ನೋಡು, ದೇವರೇ ದಾರಿ ತೋರಿಸಿದ. ಈಗ ನನಗೂ ಸರಿಹೋಯಿತು, ಅವನಿಗೂ ಸರಿಹೋಯಿತು.

ಇನ್ನೊಂದು ಸಂತೋಷ. ಆಪರೇಷನ್ ಆದ ವರ್ಷವಿಡೀ ಹಸಿ ಹಣ್ಣು ಮುಟ್ಟಬೇಡಿ ಎಂದಿದ್ದರಲ್ಲ, ಈ ವರ್ಷ ಸಿಪ್ಪೆ ಸುಲಿಯುವ ಹಣ್ಣು ತಿನ್ನಬಹುದಂತೆ. ಅಣ್ಣನಿಗೆ ಹೇಳಿದ್ದೇ ತಡ, ಮರುದಿನವೇ ಒಂದು ಚೀಲ ಚಕ್ಕೋತ ತಂದು ಇಳಿಸಿದ. ಗೌರಿ ಹಬ್ಬಕ್ಕೆ ಇನ್ನೊಂದು ಚೀಲವಂತೆ.

ಬೈಯಬೇಡ.

ಅತ್ತೆ


ಬರೇಲಿ
17 ಸೆಪ್ಟೆಂಬರ್ 2012

ಅತ್ತೆ,

ಬೈಯಬೇಡ ಎಂದಿರಿ. ಬೈಯುತ್ತೇನೆ.

ಏನು ಮಾಡುತ್ತಿದ್ದೀರಿ ಎಂಬ ಅರಿವಿದೆಯಾ? ನಿಮ್ಮ ಕಾವಲುಗಾರರು ಅರ್ಧ ನಿದ್ದೆಯಲ್ಲಿ ಎದ್ದರೆ ಸಾಕು, ಕಿಡ್ನಿ ಹೋಯಿತು. ಮತ್ತೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಮತ್ತೆ ಆ ಸೂಜಿ. ಮರೆತಿರಾ?

ಬರೆಯಬಾರದು, ಆದರೂ ಬರೆಯುತ್ತೇನೆ. ಆ ಕಿಡ್ನಿ ನಿಮ್ಮದಲ್ಲ, ನಮ್ಮಪ್ಪನದು. ಅಮ್ಮ ಅತ್ತು ಕರೆದು, "ಮಗಳ ಮದುವೆ ಆಗಿಲ್ಲ, ನಿಮಗೇನಾದರೂ ಆದರೆ?" ಎಂದು ಕಾಲು ಹಿಡಿದರೂ ಅಪ್ಪ ಕೇಳಲಿಲ್ಲ. "ತಂಗಿ ನಂದು, ಮೈ ನಂದು" ಎಂದು ಹೋಗಿ ಮಲಗಿಬಿಟ್ಟರು. ಇವತ್ತಿಗೂ ಅವರು ಎಡಮಗ್ಗುಲಲ್ಲಿ ಮಲಗುವುದಿಲ್ಲ. ಅದನ್ನು ನೀವು ಒಂದು ಬೀದಿ ಬೆಕ್ಕಿನ ಬಾಯಿಹುಣ್ಣಿಗೆ ಪಣಕ್ಕೆ ಇಟ್ಟಿದ್ದೀರಿ.

ಈ ಕಾಗದ ಸಿಕ್ಕ ಹೊತ್ತಿನಿಂದ ಒಂದು ಗುಳಿಗೆಯೂ ಆಚೀಚೆ ಆಗಕೂಡದು. ನಿಮ್ಮದು ಪೂರ್ತಿ ನಿಮ್ಮ ಹೊಟ್ಟೆಗೆ. ಹೆಬ್ಬಾಳದಲ್ಲಿ ನನ್ನ ಗೆಳತಿ ಆಶಾರಾಣಿ ಇದ್ದಾಳೆ, ನನ್ನ ಜೊತೆ ಓದಿದವಳು. ಪಟೇಲನ ಔಷಧವನ್ನು ಅವಳೇ ತಂದು ದಿಲ್ಶಾದ್ ಆಂಟಿಗೆ ಕೊಡುತ್ತಾಳೆ, ಅವನ ರಕ್ತವನ್ನೂ ನೋಡುತ್ತಾಳೆ. ಅವನು ಇರಬೇಕಾದದ್ದೂ ಆಂಟಿಯ ಮನೆಯಲ್ಲೇ. ಇಷ್ಟಕ್ಕೂ ಒಪ್ಪದಿದ್ದರೆ ಅಪ್ಪನಿಗೆ ಫೋನು ಮಾಡುತ್ತೇನೆ.

ವನಿತಾ


ವಿದ್ಯಾರಣ್ಯಪುರ
5 ಅಕ್ಟೋಬರ್ 2012

ಡಾಕ್ಟರ್ ವನಿತಾ ಅವರಿಗೆ,

ತಮ್ಮ ಅಪ್ಪಣೆಯಂತೆ ನಡೆದುಕೊಂಡಿದ್ದೇನೆ. ನನ್ನ ಮೈಯಲ್ಲಿ ನನ್ನದು ಯಾವುದು, ತಮ್ಮ ತಂದೆಯವರದು ಯಾವುದು ಎಂದು ತಾವು ತಿಳಿಸಿಕೊಟ್ಟಿದ್ದಕ್ಕೆ ಸಂತೋಷ.

ತಮ್ಮ ಗೆಳತಿ ಬಂದಿದ್ದರು. ಒಳ್ಳೆಯ ಹುಡುಗಿ, ನನಗೆ ತಿಳಿಯಲೆಂದು ಬಾಯಿ ಅಗಲಿಸಿ ನಿಧಾನಕ್ಕೆ ಮಾತಾಡಿದರು. ಬಾಟಲಿಯಲ್ಲಿ ನೀರೌಷಧ ಕೊಟ್ಟರು. ದಿಲ್ಶಾದ್ ಪಿಚಕಾರಿಯಲ್ಲಿ ಹಾಕುತ್ತಾಳೆ. ಪಟೇಲ ಈಗ ಅವಳ ಮನೆಯಲ್ಲೇ ಇದ್ದಾನೆ, ಗೋಡೆ ಮೇಲೆ ಕೂತು ನನ್ನನ್ನು ನೋಡುತ್ತಾನೆ. ನಾನು ಬಾಗಿಲು ಹಾಕಿಕೊಳ್ಳುತ್ತೇನೆ.

ಹೋಗಲಿ ಬಿಡು, ಎಷ್ಟು ಹೊತ್ತು ಅಂತ ತಾವು ತಾವು ಎಂದು ಬರೆಯಲಿ. ವನಿತಾ, ನನಗೆ ಭಯವಾಗುತ್ತಿದೆ. ನನ್ನ ಅಕ್ಷರ ನೋಡು. ಕೈ ನಡುಗುತ್ತದೆ. ರಂಗೋಲಿಯ ಗೆರೆ ಸೊಟ್ಟಗೆ ಬೀಳುತ್ತದೆ. ತಲೆನೋವು. ಬಿ.ಪಿ. ಏರಿದೆ. ನೀನು ಬೈದ ದುಃಖಕ್ಕೆ ಎಂದುಕೊಂಡಿದ್ದೆ. ಮೊನ್ನೆ ರಕ್ತ ಕೊಟ್ಟರೆ ಗುಳಿಗೆಯ ಮಟ್ಟ ಜಾಸ್ತಿ ಬಂದಿದೆಯಂತೆ, ಸ್ವಲ್ಪ ಅಲ್ಲ, ಬಹಳ. ಕ್ರಿಯಾಟಿನಿನ್ ಕೂಡ ಮೇಲೆ ಹೋಗಿದೆ. ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದರು.

"ಎರಡೆರಡು ಸಲ ನುಂಗ್ತಿದೀಯೇನೇ?" ಎಂದು ಮಾವ ಡಬ್ಬಿ ಕಿತ್ತುಕೊಂಡರು. ಈಗ ಅವರೇ ಎಣಿಸಿ ಕೈಗೆ ಕೊಡುತ್ತಾರೆ, ಸಣ್ಣ ಮಗುವಿಗೆ ಕೊಡುವ ಹಾಗೆ.

ನನಗೇನೂ ಅರ್ಥವಾಗುತ್ತಿಲ್ಲ. ಕದ್ದು ಬೆಕ್ಕಿಗೆ ಕೊಟ್ಟಾಗ ಕಡಿಮೆ ಎಂದರು. ನಿಯತ್ತಾಗಿ ನುಂಗಿದರೆ ಜಾಸ್ತಿ ಎನ್ನುತ್ತಾರೆ. ಬೇರೇನೂ ಬದಲಾಗಿಲ್ಲ. ಬೆಳಿಗ್ಗೆ ಎರಡು ಇಡ್ಲಿ, ಗುಳಿಗೆ, ಮೇಲೆ ಅಣ್ಣ ತಂದ ಹಣ್ಣು. ಮಧ್ಯಾಹ್ನ ಮುದ್ದೆ. ನೀನು ಹೇಳಿದ ಹಾಗೇ ಇದ್ದೇನೆ. ಸರಿಯಾಗಿದ್ದರೂ ಹೀಗೆ ಯಾಕೆ?

ಅತ್ತೆ


ಬರೇಲಿ
14 ಅಕ್ಟೋಬರ್ 2012

ಅತ್ತೆ,

ಮೊದಲು ಕ್ಷಮಿಸಿ. ಕಿಡ್ನಿ ಯಾರದು ಎಂದು ನಾನು ಬರೆದದ್ದು ಪಾಪ. ಬರೆದು ಡಬ್ಬಕ್ಕೆ ಹಾಕಿದ ಮೇಲೆ ಹಾಸ್ಟೆಲಿಗೆ ಬಂದು ಅತ್ತುಬಿಟ್ಟೆ. ನನ್ನ ಸಿಟ್ಟು ಅಪ್ಪನದೇ ಬಳುವಳಿ.

ಈಗ ವಿಷಯ. ನಿಮ್ಮ ಲೆಕ್ಕ ನನಗೆ ಅರ್ಥವಾಗಿದೆ, ಗಾಬರಿಯಾಗಬೇಡಿ. ನೀವು ಪಟೇಲನಿಗೆ ಪಾಲು ಕೊಡುತ್ತಿದ್ದಾಗ ನಿಮ್ಮ ಮಟ್ಟ ಇಳಿಯಿತು. ಡಾಕ್ಟರಿಗೆ ಅದು ಗೊತ್ತಿಲ್ಲ, ಅವರು ಅಳತೆ ಏರಿಸಿದರು. ಆಮೇಲೆ ನಾನು ಪಾಲು ನಿಲ್ಲಿಸಿದೆ. ಏರಿಸಿದ್ದೂ ನಿಮಗೇ, ಪಟೇಲನದೂ ನಿಮಗೇ. ಜಾಸ್ತಿಯಾಗದೆ ಇನ್ನೇನಾಗುತ್ತದೆ? ನೀವು ಬರೆದಿದ್ದಿರಿ, ಸಂಜೆಗೆ ಜಾಸ್ತಿ ಮಾಡಿದರು ಎಂದು. ನಾನು ಸಿಟ್ಟಿನಲ್ಲಿ ಆ ಸಾಲನ್ನು ಓದಿಯೂ ಓದಲಿಲ್ಲ.

ಒಂದೇ ದಾರಿ. ಡಾಕ್ಟರಿಗೆ ಎಲ್ಲ ಹೇಳಿ, ಬೆಕ್ಕಿನ ಸಮೇತ. ಮಾವ ಕೂಗಾಡುತ್ತಾರೆ, ಕೂಗಾಡಲಿ, ನಿಮಗೆ ಹೇಗೂ ಕೇಳಿಸುವುದಿಲ್ಲ. ಹಳೆಯ ಅಳತೆಗೆ ಬಂದರೆ ಎಲ್ಲ ಸರಿಹೋಗುತ್ತದೆ. ನಾನು ಭರವಸೆ ಕೊಡುತ್ತೇನೆ.

ಅಪ್ಪನಿಗೆ ನಿಮ್ಮ ರಿಪೋರ್ಟಿನ ವಿಷಯ ಗೊತ್ತಿದೆಯೇ? ಫೋನಿನಲ್ಲಿ "ಲಕ್ಷ್ಮಿ ಚೆಂದಾಗವ್ಳೆ" ಎಂದರು. ನಾನೂ ಹೂಂ ಎಂದೆ.

ವನಿತಾ


ಆಸ್ಪತ್ರೆಯಿಂದ
2 ನವೆಂಬರ್ 2012

ವನಿತಾ,

ದಿಲ್ಶಾದ್ ನೋಡಲು ಬಂದಿದ್ದಾಳೆ, ಅವಳು ಹೊರಡುವುದರೊಳಗೆ ಬರೆದು ಕೊಡಬೇಕು.

ನೀನು ಹೇಳಿದ ಹಾಗೆ ಎಲ್ಲ ಹೇಳಿದೆ. ಡಾಕ್ಟರು ಮಾಸ್ಕ್ ಹಾಕಿದ್ದರು, ನಕ್ಕರೋ ಬೈದರೋ ತಿಳಿಯಲಿಲ್ಲ. ಮಾವನ ಬಾಯಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. "ಬೆಕ್ಕಿಗಾ? ನಿನ್ ಮಾತ್ರೆ ಬೆಕ್ಕಿಗ್ ಹಾಕಿದ್ಯಾ?" ಎಂದು ಅವರು ಕೇಳಿದ್ದು ಕೆಳಗಿನ ಕ್ಯಾಂಟೀನಿನವರೆಗೂ ಕೇಳಿಸಿತಂತೆ. ಆಮೇಲೆ ಎರಡು ದಿನ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ನನಗೇನು ವ್ಯತ್ಯಾಸ, ನೀನೇ ಹೇಳು.

ಅಳತೆ ಮೊದಲಿನಷ್ಟಕ್ಕೇ ಇಳಿಸಿದರು. ಮಾವನೇ ಎಣಿಸಿ ಕೊಟ್ಟರು, ಎದುರಿಗೇ ನುಂಗಿದೆ. ಒಂದು ವಾರ ಬಿಟ್ಟು ನೋಡಿದರೆ ಮಟ್ಟ ಇಳಿದೇ ಇಲ್ಲ! ಕ್ರಿಯಾಟಿನಿನ್ ಇನ್ನೂ ಮೇಲೆ. ಅಡ್ಮಿಟ್ ಮಾಡಿದರು. ಈಗ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡುತ್ತಾರಂತೆ. ಗುಳಿಗೆಯ ಪೆಟ್ಟೋ, ಇಲ್ಲ ಕಾವಲುಗಾರರೇ ಎದ್ದುಬಿಟ್ಟರೋ ಅವರಿಗೂ ತಿಳಿಯುತ್ತಿಲ್ಲ. ಒಂದಕ್ಕೆ ಗುಳಿಗೆ ಇಳಿಸಬೇಕು, ಇನ್ನೊಂದಕ್ಕೆ ಏರಿಸಬೇಕು. ಯಾವುದೆಂದು ಗೊತ್ತಿಲ್ಲದೆ ಕೈಕಟ್ಟಿ ಕೂತಿದ್ದಾರೆ.

ನೀನು ಭರವಸೆ ಕೊಟ್ಟಿದ್ದೆ. ಬೇಸರಕ್ಕೆ ಹೇಳುತ್ತಿಲ್ಲ, ಸುಮ್ಮನೆ ಜ್ಞಾಪಿಸಿದೆ.

ಅಣ್ಣನಿಗೆ ಗೊತ್ತಾಯಿತು. ದಿನಾ ಯಲಹಂಕದಿಂದ ಬಸ್ಸು ಹತ್ತಿ ಬರುತ್ತಾನೆ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಇಲ್ಲಿಯ ಗಂಜಿ ನನಗೆ ಸೇರುವುದಿಲ್ಲ, ಅದಕ್ಕೆ ಚಕ್ಕೋತ ಸುಲಿದು, ಬೀಜ ತೆಗೆದು, ತೊಳೆ ಬಿಡಿಸಿ ಕೈಗಿಡುತ್ತಾನೆ. ಮರದ ಕೊನೆಯ ಕಾಯಿಗಳಂತೆ. "ತಿನ್ನಮ್ಮ, ನಮ್ ಮರದ್ದು. ನಿನ್ ಒಳ್ಗಿರೋದಕ್ಕೂ ಪರಿಚಯ ಅದೆ, ಅದ್ಕೂ ಅಟ್ಟಿ ಜ್ಞಾಪಕ ಆಗ್ಲಿ" ಎನ್ನುತ್ತಾನೆ. ಅದೊಂದೇ ಬಾಯಿಗೆ ರುಚಿ ಹತ್ತುವುದು.

ವನಿತಾ, ಈ ಕಿಡ್ನಿ ಹೋದರೆ ನಾನು ಸಾಯುವುದಕ್ಕೆ ಹೆದರುವುದಿಲ್ಲ. ಅಣ್ಣನಿಗೆ ಏನು ಹೇಳಲಿ? ಎರಡರಲ್ಲಿ ಒಂದನ್ನು ಕಿತ್ತುಕೊಟ್ಟವನಿಗೆ ಅದನ್ನು ಕಳೆದುಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ?

ಅತ್ತೆ


ಬರೇಲಿ
8 ನವೆಂಬರ್ 2012

ಅತ್ತೆ,

ಚಕ್ಕೋತ ನಿಲ್ಲಿಸಿ.

ಇದು ಕೈಸೇರುವುದರೊಳಗೆ ಮಾವ ನಿಲ್ಲಿಸಿರುತ್ತಾರೆ, ಈಗತಾನೇ ಅವರಿಗೂ ನಿಮ್ಮ ಡಾಕ್ಟರಿಗೂ ಫೋನು ಮಾಡಿದೆ. ಆದರೂ ಕಾರಣವನ್ನು ನಾನೇ ನಿಮಗೆ ಬರೆಯಬೇಕು.

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಸಿಕ್ಕಿತು. ಓದದೆ ಬ್ಯಾಗಿಗೆ ಹಾಕಿಕೊಂಡು ಸೆಮಿನಾರಿಗೆ ಹೋದೆ. ಅಲ್ಲಿ ಒಬ್ಬರು ಬೆಕ್ಕುಗಳ ಬಗ್ಗೆಯೇ ಹೇಳುತ್ತಿದ್ದರು. ಈ ಔಷಧ ಬೆಕ್ಕಿಗೆ ದುಬಾರಿ, ದಿನಾ ನುಂಗಿಸುವುದೂ ಕಷ್ಟ, ಅದಕ್ಕೆ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ಪುಡಿ ಸೇರಿಸಿದರೆ ಕಡಿಮೆ ಔಷಧದಲ್ಲೇ ಕೆಲಸ ಸಾಗಬಹುದೇ ಎಂದು ನೋಡಬೇಕು ಎಂದರು. ಕರುಳಿನಲ್ಲಿ ಔಷಧ ಮುರಿಯುವ ಕೆಲಸಗಾರರ ಬಗ್ಗೆ ಬರೆದಿದ್ದೆನಲ್ಲ, ಆ ಹಣ್ಣು ಅವರ ಕೈಕಟ್ಟಿ ಕೂರಿಸುತ್ತದೆ. ಮುರಿಯುವವರಿಲ್ಲ, ನುಂಗಿದ್ದೆಲ್ಲ ರಕ್ತಕ್ಕೆ. ಮನುಷ್ಯರಲ್ಲೂ ಹೀಗೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ನಿಮ್ಮ ಆಸ್ಪತ್ರೆಯವರೂ ಆ ಹಣ್ಣು ಬೇಡ ಎಂದು ಹೇಳಿಯೇ ಇರುತ್ತಾರೆ. ಯಲಹಂಕದಲ್ಲಿ ಅದನ್ನು ಕಂಡವರಾರು? ಎಲ್ಲೋ ಹೊರದೇಶದ ಹಣ್ಣು ಎಂದು ನಾವೆಲ್ಲ ಬಿಟ್ಟುಬಿಟ್ಟೆವು.

ಆಮೇಲೆ ಅವರು ಪರದೆಯ ಮೇಲೆ ಆ ಹಣ್ಣಿನ ವಂಶವೃಕ್ಷ ತೋರಿಸಿದರು. ಅದರ ತಾಯಿ ಚಕ್ಕೋತ. ತಾಯಿಗೂ ಮಗಳಿಗೂ ಒಂದೇ ಗುಣ. ನಾನು ಎದ್ದು ಹೊರಗೆ ಬಂದು ನಿಮ್ಮ ಕಾಗದ ಒಡೆದೆ. ಅಪ್ಪ ತೊಳೆ ಬಿಡಿಸಿ ಕೈಗಿಡುತ್ತಿದ್ದಾರೆ ಎಂದು ಬರೆದಿದ್ದಿರಿ.

ಅತ್ತೆ, ಇನ್ನೊಂದು ಹೇಳಲೇಬೇಕು. ಹಣ್ಣಿನ ಕಾಲದಲ್ಲಿ ನಿಮಗೆ ಹೆಚ್ಚಾಗುತ್ತಿದ್ದುದನ್ನು ಪಟೇಲ ತಿನ್ನುತ್ತಿದ್ದ. ಅವನ ಪಾಲನ್ನು ಕಿತ್ತು ನಿಮ್ಮ ಹೊಟ್ಟೆಗೇ ಹಾಕಿಸಿದವಳು ನಾನು. ಹಾಗೆಂದು ಮತ್ತೆ ಕೊಡಲು ಹೋಗಬೇಡಿ, ದಮ್ಮಯ್ಯ! ನನ್ನ ಮಾತು ಸರಿಯಾಗಿತ್ತು. ಸರಿಯಾದ ಮಾತಿಗೇ ನೀವು ಆಸ್ಪತ್ರೆ ಸೇರಿದಿರಿ. ಇದನ್ನು ನಾನು ಎಲ್ಲಿಟ್ಟುಕೊಳ್ಳಲಿ?

ಅಪ್ಪನಿಗೆ ಮಾತ್ರ ಕಾರಣ ಹೇಳಬೇಡಿ. ಡಾಕ್ಟರು ಸದ್ಯಕ್ಕೆ ಹಣ್ಣು ಬೇಡ ಎಂದಿದ್ದಾರೆ ಎಂದರೆ ಸಾಕು. ಮಾವನಿಗೂ ಹಾಗೇ ಹೇಳಿದ್ದೇನೆ. ಸುತ್ತಲಿನ ತೋಟವೆಲ್ಲ ಸೈಟಾದರೂ ಆ ಮರವೊಂದನ್ನು ಬಿಲ್ಡರಿಗೆ ಕೊಡದೆ ಉಳಿಸಿಕೊಂಡವರು ಅಪ್ಪ. ಈ ಸುದ್ದಿಯನ್ನು ಅವರು ತಡೆದುಕೊಳ್ಳಲಾರರು.

ವನಿತಾ


ವಿದ್ಯಾರಣ್ಯಪುರ
30 ನವೆಂಬರ್ 2012

ವನಿತಾ,

ಬದುಕಿದ್ದೇನೆ, ಮನೆಯಲ್ಲಿದ್ದೇನೆ. ಹಣ್ಣು ನಿಲ್ಲಿಸಿದ ವಾರದಲ್ಲೇ ಮಟ್ಟ ಇಳಿಯಿತು. ಸೂಜಿ ಹಾಕಿ ನೋಡಿದ್ದರಲ್ಲ, ಕಾವಲುಗಾರರು ಎದ್ದಿರಲಿಲ್ಲವಂತೆ. ಕ್ರಿಯಾಟಿನಿನ್ ಇಳಿದಿದೆ, ಮೊದಲಿನಷ್ಟಕ್ಕೆ ಅಲ್ಲ. "ಸ್ವಲ್ಪ ಪೆಟ್ಟಾಗಿದೆ, ಆದ್ರೆ ಉಳೀತಮ್ಮ" ಎಂದು ಡಾಕ್ಟರು ಈ ಸಲ ಮಾಸ್ಕ್ ಇಳಿಸಿ ಹೇಳಿದರು. ಕೈ ನಡುಕ ನಿಂತಿದೆ, ಅಕ್ಷರ ನೋಡು.

ಎಲ್ಲಿಟ್ಟುಕೊಳ್ಳಲಿ ಎಂದು ಕೇಳಿದ್ದೆಯಲ್ಲ. ಎಲ್ಲೂ ಇಟ್ಟುಕೊಳ್ಳಬೇಡ, ಬಿಸಾಕು. ನೀನು ಬೈದದ್ದು ಸರಿ, ಡಾಕ್ಟರು ಏರಿಸಿದ್ದು ಸರಿ, ಅಣ್ಣ ಹಣ್ಣು ತಂದದ್ದು ಸರಿ. ಸರಿಗಳೆಲ್ಲ ಸೇರಿ ನನ್ನನ್ನು ಮಲಗಿಸಿದವು. ತಪ್ಪು ಮಾಡಿದವಳು ನಾನೊಬ್ಬಳೇ, ಅದೇ ತಪ್ಪು ನನ್ನನ್ನು ಸ್ವಲ್ಪ ದಿನ ಕಾಯಿತು ಎನ್ನುತ್ತೀಯ. ಇದನ್ನು ಎಷ್ಟು ಸಲ ಓದಿದರೂ ನನ್ನ ತಲೆಗೆ ಹತ್ತುವುದಿಲ್ಲ. ಪಟೇಲ ದಿಲ್ಶಾದಳ ಮನೆಯಲ್ಲಿ ಕೊಬ್ಬಿದ್ದಾನೆ. ಈಗ ಎರಡು ದಿನಕ್ಕೊಮ್ಮೆ ಔಷಧ ಸಾಕಂತೆ. ಮಾವ ಅವನನ್ನು ಕಂಡರೆ "ಬಂದ ನೋಡು ಪಾಲುದಾರ" ಎನ್ನುತ್ತಾರೆ.

ಅಣ್ಣನಿಗೆ ಗೊತ್ತಾಗಿಹೋಯಿತು ಕಣೇ. ಆಸ್ಪತ್ರೆಯಲ್ಲಿ ಅವನು "ಒಂದೇ ಒಂದು ತೊಳೆ ತಿನ್ಲಿ ಬುಡಿ" ಎಂದು ಹಟ ಹಿಡಿದಾಗ, ಮಾವ ತಡೆಯಲಾರದೆ "ಆ ಹಣ್ಣೇ ಭಾವ ಅವಳನ್ನ ಇಲ್ಲಿಗೆ ತಂದಿದ್ದು" ಎಂದುಬಿಟ್ಟರು. ನೀನು ಕಾರಣ ಹೇಳಿರಲಿಲ್ಲವಂತೆ, ಆದರೆ ಇವರು ಡಾಕ್ಟರನ್ನೇ ಕೇಳಿ ತಿಳಿದುಕೊಂಡಿದ್ದರು. ಅಣ್ಣ ಬಿಡಿಸಿಟ್ಟಿದ್ದ ತೊಳೆಗಳನ್ನು ಪೇಪರಿನಲ್ಲಿ ಸುತ್ತಿದ. ಎದ್ದು ಹೋದ. ಆಮೇಲೆ ಬರಲೇ ಇಲ್ಲ. ನಾನು ಮನೆಗೆ ಬಂದಮೇಲೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಹುಟ್ಟಿದಾಗಿನಿಂದ ಹೀಗಾಗಿರಲಿಲ್ಲ. ಕಿಡ್ನಿ ಉಳಿಯಿತು, ಅಣ್ಣ ಹೋದ ಎಂದುಕೊಂಡು ದಿನಾ ಅಳುತ್ತಿದ್ದೆ.

ನಿನ್ನೆ ಮಧ್ಯಾಹ್ನ ಬಟ್ಟೆ ತೆಗೆಯಲು ಹೊರಗೆ ಬಂದರೆ ಗೇಟಿನಾಚೆ ನಿಂತಿದ್ದಾನೆ. ಎಷ್ಟು ಹೊತ್ತಿನಿಂದಲೋ. ಕೂಗಿದರೆ ನನಗೆ ಕೇಳುವುದಿಲ್ಲವಲ್ಲ, ಕೂಗಿಯೂ ಇರಲಿಲ್ಲವೇನೋ. ಗೇಟು ತೆಗೆದೆ. ಒಳಗೆ ಕಾಲಿಡಲಿಲ್ಲ.

"ಯಾಕಣ್ಣ, ಅಲ್ಲೇ ನಿಂತೆ?"

ಎರಡೂ ಕೈ ಬಿಡಿಸಿ ತೋರಿಸಿದ. ತುಟಿ ನೋಡಿ ಓದಿಕೊಂಡೆ. "ಬರಿಗೈಲಿ ಬಂದಿವ್ನಿ ಕಣಮ್ಮ. ತಂಗಿ ಮನೆ ಒಸ್ಲು ಬರಿಗೈಲಿ ಯಂಗ್ ದಾಟ್ಲಿ? ಅಂಗ್ಡೀಲಿ ಬಾಳೆಹಣ್ ಇಡ್ಕಂಡೆ, ಇದೂ ಇಸ ಆದ್ರೆ ಅಂತ ಅಲ್ಲೇ ಇಟ್ ಬಂದೆ. ಸೇಬು ಇಡ್ಕಂಡೆ, ಅದ್ನೂ ಇಟ್ಟೆ. ನನ್ ಕೈ ಮ್ಯಾಲೇ ನಂಗೆ ನಂಬ್ಕೆ ಒಂಟೋಗದೆ."

ನನಗೆ ಎಲ್ಲಿಂದ ಸಿಟ್ಟು ಬಂತೋ. ಬೀದಿ ಎಂದೂ ನೋಡದೆ ಅವನ ಕೈ ಎಳೆದು ನನ್ನ ಹೊಟ್ಟೆಯ ಬಲಗಡೆ, ಸೀರೆಯ ಮೇಲೆಯೇ, ಹೊಲಿಗೆ ಇರುವ ಜಾಗಕ್ಕೆ ಒತ್ತಿ ಹಿಡಿದೆ. ನನ್ನ ದನಿ ನನಗೇ ಕೇಳಿಸುವುದಿಲ್ಲ, ಕಿರುಚಿದೆನಂತೆ. ದಿಲ್ಶಾದ್ ಓಡಿ ಹೊರಗೆ ಬಂದಳು.

"ತರೋದೆಲ್ಲ ಮುಂಚೇನೇ ತಂದ್ಕೊಟ್ಟಿದೀಯಲ್ಲೋ ಅಣ್ಣ! ಇನ್ ಸಾಯೋಗಂಟ ಬರಿಗೈಲೇ ಬಾ!"

ಅವನ ಕೈ ಅಲ್ಲೇ ಇತ್ತು. ತಲೆ ತಗ್ಗಿಸಿಕೊಂಡು ಏನೋ ಹೇಳಿದ. ತುಟಿ ಕಾಣಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಏನೆಂದು ನಾನೂ ಮತ್ತೆ ಕೇಳಲಿಲ್ಲ. ಕೈ ಬಿಡದೆ ಹಾಗೇ ಒಳಗೆ ಕರೆದುಕೊಂಡು ಬಂದೆ.

ನಿನ್ನ ಅತ್ತೆ
ನಾಗಲಕ್ಷ್ಮಿ